ಹೆಸರು ಹಾಕಿಸಿದ ಗ್ಲಾಸು

ಮೊನ್ನೆ ನಮ್ಮ ಮನೆಗೆ ದಾನಿಯೇಲಪ್ಪ ಬಂದಿದ್ದ. ರಬಕವಿಯಲ್ಲಿ ನೂಲಿನ ಅಂಗಡಿ ಇಟ್ಟವನು, ನಮ್ಮ ಚರ್ಚಿನ ಹಿರಿಯ, ನನಗಿಂತ ಎರಡು ವರ್ಷ ದೊಡ್ಡವನು. ಬಿಸಿಲಲ್ಲಿ ನಡೆದು ಬಂದಿದ್ದನೆಂದು ನನ್ನ ಹೆಂಡತಿ ಸಾರವ್ವ ಕೈಗೆ ಸಿಕ್ಕ ಸ್ಟೀಲ್ ಗ್ಲಾಸಿನಲ್ಲಿ ನೀರು ಕೊಟ್ಟಳು. ಅವನು ಅದನ್ನು ತುಟಿಯ ತನಕ ಒಯ್ದ. ಅಂಚಿನ ಕೆಳಗೆ ಕೊರೆದಿದ್ದ ಹೆಸರು ಕಣ್ಣಿಗೆ ಬಿತ್ತು. ಕನ್ನಡಕ ಸರಿಮಾಡಿಕೊಂಡು ಓದಿದ. ಗ್ಲಾಸನ್ನು ಮೆಲ್ಲಗೆ ನೆಲದ ಮೇಲಿಟ್ಟು, “ನೀರಡಿಕಿ ಇಲ್ಲ ಬಿಡವಾ” ಅಂದ.

ಗ್ಲಾಸಿನ ಮೇಲಿದ್ದ ಹೆಸರು ನನ್ನ ಮಗಳು ಕರುಣಾಳದು.

ನನ್ನ ಮೈ ಉರಿದುಹೋಯಿತು. ಆ ನೀರನ್ನು ಅವನ ತಲೆಯ ಮೇಲೆಯೇ ಸುರಿಯಬೇಕೆನ್ನಿಸಿತು. ಸುರಿಯಲಿಲ್ಲ. ನನ್ನ ಧೈರ್ಯ ಎಷ್ಟರದು ಎಂಬುದು ನಿಮಗೆ ಮುಂದೆ ಗೊತ್ತಾಗುತ್ತದೆ. ಅದೂ ಅಲ್ಲದೆ, ಸಿಟ್ಟು ಮಾಡಲಿಕ್ಕೆ ನನಗೆ ಹಕ್ಕಾದರೂ ಎಲ್ಲಿತ್ತು? ಆ ಹೆಸರು ಹಾಕಿಸಿದವನು ನಾನೇ. ಯಾಕೆ ಹಾಕಿಸಿದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಸ್ವಲ್ಪ ಹೊತ್ತು ಕೂತು ಕೇಳಿ, ನಿಮಗೆ ಹೇಳಿಬಿಡುತ್ತೇನೆ.

ನಮ್ಮೂರು ಬೀಳಗಿ ತಾಲೂಕಿನಲ್ಲಿ ಹೊಳೆದಂಡೆಗೆ ಇತ್ತು. ‘ಇತ್ತು’ ಎಂದೇ ಹೇಳಬೇಕು, ಆಣೆಕಟ್ಟಿನ ಹಿನ್ನೀರು ಅದನ್ನು ನುಂಗಿತು. ಊರ ಹೊರಗೆ ನಮ್ಮ ಕೇರಿ. ನನ್ನಪ್ಪ ಗೌಡರ ಅಂಗಳದಲ್ಲಿ ಬೊಗಸೆಯೊಡ್ಡಿ ನಿಂತರೆ ಮೇಲಿಂದ ನೀರು ಸುರಿಯುತ್ತಿದ್ದರು. ಚಹದಂಗಡಿಯಲ್ಲಿ ಅವನಿಗೆ ಬೇರೆ ಕಪ್ಪು-ಬಸಿ, ಅದನ್ನು ತಾನೇ ತೊಳೆದು ತಗಡಿನ ಸಂದಿಯಲ್ಲಿ ಸಿಗಿಸಿ ಬರಬೇಕಿತ್ತು. ಹಿನ್ನೀರು ಮಾತ್ರ ಯಾವ ಭೇದವನ್ನೂ ಮಾಡಲಿಲ್ಲ. ಗೌಡರ ವಾಡೆ, ನಮ್ಮ ಗುಡಿಸಲು, ಚಹದಂಗಡಿ ಎಲ್ಲವನ್ನೂ ಒಂದೇ ಸಮ ಮುಳುಗಿಸಿತು.

ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನಾನು ರಬಕವಿಗೆ ಬಂದು ಪವರ್‌ಲೂಮ್ ಶೆಡ್ಡಿನಲ್ಲಿ ಮೇಸ್ತ್ರಿಯಾದೆ. ಮಗ್ಗಗಳ ಸದ್ದಿಗೆ ಕಿವಿ ಅರ್ಧ ಹೋಯಿತು, ಬಾಯಿ ದುಪ್ಪಟ್ಟಾಯಿತು. ಆ ಬಾಯಿಯಿಂದಲೇ ಚರ್ಚಿನಲ್ಲಿ ನನಗೊಂದು ಮರ್ಯಾದೆ ಸಿಕ್ಕಿತು. ನಮ್ಮಲ್ಲಿ ಸುಗ್ಗಿ ಹಬ್ಬದ ಭಾನುವಾರ ಪ್ರತಿಯೊಬ್ಬರೂ ತಮ್ಮ ದುಡಿಮೆಯ ಮೊದಲ ಫಲ ತಂದು ದೇವರ ಮುಂದಿನ ಮೇಜಿನ ಮೇಲೆ ಇಡುತ್ತಾರೆ. ಜೋಳದ ತೆನೆ, ಬದನೆಕಾಯಿ, ಕೋಳಿ, ತತ್ತಿ. ನೇಕಾರರಾದರೆ ಒಂದು ಕುಪ್ಪಸದ ಖಣ. ಆರಾಧನೆ ಮುಗಿದ ಮೇಲೆ ಅವೆಲ್ಲ ಹರಾಜಾಗುತ್ತವೆ. ನಾವು ಅದಕ್ಕೆ ಸವಾಲು ಅನ್ನುತ್ತೇವೆ. ಸವಾಲು ಕೂಗುವವನು ನಾನು. ಒಂದು ಬದನೆಕಾಯಿಗೆ ಇಬ್ಬರು ಬೀಗರನ್ನು ಜಿದ್ದಿಗೆ ಹಚ್ಚಿ, ಇಬ್ಬರನ್ನೂ ನಗಿಸಿ ಮನೆಗೆ ಕಳಿಸುತ್ತಿದ್ದೆ. “ಒಂದನೇ ಸರತಿ, ಎರಡನೇ ಸರತಿ, ಮೂರನೇ ಸರತಿ!” ಮೂರನೆಯದು ಬಾಯಿಂದ ಬಿತ್ತೆಂದರೆ ಆ ವಸ್ತು ತಂದವನದಲ್ಲ.

ಅದೇ ಚರ್ಚಿನಲ್ಲಿ ಪ್ರತಿ ಭಾನುವಾರ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆವು. “ಕರ್ತನೇ, ನಿನ್ನ ಸೇವೆಗೆ ನಮ್ಮ ಯೌವನಸ್ಥರನ್ನು ಎಬ್ಬಿಸು” ಎಂದು ಪ್ರಾರ್ಥಿಸುತ್ತಿದ್ದೆವು. ಆಮೆನ್ ಅನ್ನುವುದರಲ್ಲಿ ನನ್ನದೇ ದೊಡ್ಡ ದನಿ. ಬಾಯಿಬಿಟ್ಟು ಹೇಳದ ಭಾಗವೂ ಒಂದಿತ್ತು: ದಾನಿಯೇಲಪ್ಪನ ಮನೆಯಿಂದ ಎಬ್ಬಿಸು, ನನ್ನ ಮನೆಯಿಂದ ಬೇಡ. ದಾನಿಯೇಲಪ್ಪನೂ ನನ್ನ ಮನೆಯ ಹೆಸರನ್ನೇ ಹೇಳುತ್ತಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಹೀಗೆ ಒಬ್ಬರ ಮಕ್ಕಳನ್ನು ಒಬ್ಬರು ದೇವರಿಗೆ ತೋರಿಸಿಕೊಟ್ಟು, ಎಲ್ಲರೂ ಸಮಾಧಾನದಿಂದ ಮನೆಗೆ ಹೋಗಿ ಉಣ್ಣುತ್ತಿದ್ದೆವು. ಇಂಥ ಪ್ರಾರ್ಥನೆಯನ್ನು ದೇವರು ಇಷ್ಟು ವರ್ಷ ಹೇಗೆ ಸಹಿಸಿಕೊಂಡನೋ!

ಕರುಣಾ ಜಮಖಂಡಿಯಲ್ಲಿ ಬಿ.ಎ. ಮುಗಿಸಿದಳು. ಮುಳುಗಡೆಯವರಿಗೆಂದು ಕೊಟ್ಟ ಸರ್ಟಿಫಿಕೇಟಿನ ಮೇಲೆ ಅವಳಿಗೆ ತಲಾಟಿ, ಅಂದರೆ ಊರಿನ ಹೊಲಗಳ ಲೆಕ್ಕ ಇಡುವ ಸರಕಾರಿ ನೌಕರಿ ಸಿಕ್ಕಿತು. ಮುಳುಗಿದ ಊರು ನಮ್ಮ ಕಡೆಗೆ ತೇಲಿಬಿಟ್ಟ ಒಂದೇ ಒಂದು ವಸ್ತು ಅದು. ನನ್ನಪ್ಪನಿಗೆ ನೀರು ಸುರಿದ ಗೌಡರ ಮಕ್ಕಳು ತಮ್ಮ ಹೊಲದ ಉತಾರದ ಕಾಗದ ಬೇಕೆಂದು ನನ್ನ ಮಗಳ ಮುಂದೆ ನಿಲ್ಲುವುದನ್ನು ನಾನು ಆಗಲೇ ಕಣ್ಣಲ್ಲಿ ಕಂಡಿದ್ದೆ.

ಆದರೆ ಅವಳು ಅದಕ್ಕೂ ಮೊದಲೇ ಬೇರೆ ಏನನ್ನೋ ಕಂಡಿದ್ದಳು. ಹಿಂದಿನ ಕ್ರಿಸ್ಮಸ್‌ನಲ್ಲಿ ನಮ್ಮ ಯುವಕ ಸಂಘದವರು ಮುಧೋಳದ ಹತ್ತಿರದ ಒಂದು ಆಶ್ರಮಕ್ಕೆ ಹೋಗಿದ್ದರು. ಏಡ್ಸ್ ಬಂದು ಮನೆಯವರು ಹೊರಗೆ ಹಾಕಿದ ಹೆಂಗಸರು ಅಲ್ಲಿದ್ದರು. ನಮ್ಮವರು ಕಿತ್ತಳೆ ಹಣ್ಣುಗಳನ್ನು ಕಿಟಕಿಯಲ್ಲಿಟ್ಟು, ಹಾಡು ಹೇಳಿ, ಹೊರಗೆ ಬಂದು ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ಕರುಣಾ ಒಳಗೆ ಕೂತು ಹಣ್ಣು ಸುಲಿದು ತಿನ್ನಿಸಿದಳು. ಆಮೇಲೆ ರಜೆ ಸಿಕ್ಕಾಗಲೆಲ್ಲ ಹೋಗತೊಡಗಿದಳು. ಹುಡುಗಾಟಿಕೆ, ನೌಕರಿಗೆ ಸೇರಿದರೆ ತಾನೇ ನಿಲ್ಲುತ್ತದೆ ಅಂದುಕೊಂಡೆ.

ಆ ವರ್ಷದ ಸುಗ್ಗಿ ಹಬ್ಬ ಬಂತು. ಸವಾಲಿನ ನಡುವೆ ಮೇಜಿನ ಮೇಲಿದ್ದ ಲಕೋಟೆಯೊಂದನ್ನು ಎತ್ತಿಕೊಂಡೆ. ಯಾರೋ ಕಾಣಿಕೆ ಹಾಕಿದ್ದಾರೆಂದು ಬಿಚ್ಚಿದರೆ ಒಳಗೆ ನನ್ನ ಮಗಳ ನೌಕರಿಯ ಆರ್ಡರು. ತಲೆಯೆತ್ತಿ ನೋಡಿದೆ. ಹೆಂಗಸರ ಸಾಲಿನಿಂದ ಕರುಣಾ ಎದ್ದು ನಿಂತಿದ್ದಳು.

“ಅದು ನಂದ ಅಪ್ಪಾ. ನಾ ನೌಕರಿಗೆ ಹೋಗೂದಿಲ್ಲ. ಮುಧೋಳಕ್ಕ ಹೋಗತೀನಿ, ಅಲ್ಲೇ ಇರತೀನಿ. ನಿನಗ ಮನ್ಯಾಗ ಮೂರ ಸಲ ಹೇಳೀನಿ, ನೀ ಕೇಳಿಲ್ಲ.”

ಖರೆ. ಅವಳು ಹೇಳಿದಾಗಲೆಲ್ಲ ನಾನು ಕಿವುಡನಾಗಿದ್ದೆ. ಮಗ್ಗ ಕೊಟ್ಟ ಕಿವುಡಿನಿಂದ ಎಷ್ಟು ಅನುಕೂಲವಿತ್ತು ಅಂತೀರಿ!

ಚರ್ಚಿನವರೆಲ್ಲ ನನ್ನತ್ತ ತಿರುಗಿದರು. ಅಲ್ಲಿ ನಾನು ಮಗಳನ್ನು ಹತ್ತಿರ ಕರೆದು ತಲೆಯ ಮೇಲೆ ಕೈ ಇಡಬಹುದಿತ್ತು. ಬೈಯಲೂಬಹುದಿತ್ತು. ಎರಡನ್ನೂ ಬಿಟ್ಟು ನಾನು ಮಾಡಿದ್ದೇನು ಗೊತ್ತೇ? ಲಕೋಟೆ ಎತ್ತಿ ಹಿಡಿದು ಸವಾಲು ಕೂಗಿದೆ.

“ಬರ್ರಿ ಬರ್ರಿ, ಹೊಸಾ ಸಾಮಾನು! ಬಿ.ಎ. ಪಾಸಾದ ಹುಡುಗಿ! ಸರಕಾರಿ ನೌಕರಿ ಒದ್ದು ಬಂದಾಳ! ಯಾರರೆ ಕೂಗತೀರೇನ?”

“ತಲೀ ಸರಿ ಐತೇನ ಕೇಳಿಕೊಂಡ ಕೂಗಬೇಕಲಾ ಮೇಸ್ತ್ರಿ!” ಎಂದು ದಾನಿಯೇಲಪ್ಪ ಅಂದ. ಚರ್ಚಿಗೆ ಚರ್ಚೇ ನಕ್ಕಿತು. ಆ ನಗೆಯನ್ನು ಇವತ್ತಿಗೂ ಕ್ಷಮಿಸಿಲ್ಲ. ವರ್ಷಗಟ್ಟಲೆ ‘ಎಬ್ಬಿಸು, ಎಬ್ಬಿಸು’ ಎಂದು ಬೇಡಿದ ಜನ, ಒಬ್ಬಳು ಎದ್ದು ನಿಂತರೆ ಹಲ್ಲು ಕಿಸಿದರು! ಆದರೆ ನಗಿಸಿದವನು ನಾನು. ಹುರುಪಿನಲ್ಲಿ “ಒಂದನೇ ಸರತಿ!” ಅಂದೆ. “ಎರಡನೇ ಸರತಿ!” ಅಂದೆ.

ಕರುಣಾ ಅಳಲಿಲ್ಲ. “ಮೂರನೇ ಸರತಿ ಅನ್ನಪ್ಪಾ” ಅಂದಳು.

ಆ ಮೂರನೆಯದನ್ನು ನುಂಗಿಕೊಂಡೆ. ಲಕೋಟೆಯನ್ನು ಜೇಬಿಗೆ ತುರುಕಿ ಮೇಜಿನ ಕಾಲಿಗೆ ಕಟ್ಟಿದ್ದ ಕೋಳಿಯನ್ನು ಎತ್ತಿದೆ. “ಮುಂದಿನ ಸಾಮಾನು, ಹ್ಯಾಟಿ!” ಅಂದೆ. ಮತ್ತೆ ನಗೆ. ಮರುದಿನ ಅವಳು ಒಂದು ಕೈಚೀಲ ಹಿಡಿದು ಮುಧೋಳದ ಬಸ್ಸು ಹತ್ತಿದಳು.

ಇದಕ್ಕಿಂತ ಹೊಲಸು ಕೆಲಸ ಇನ್ನೂ ಇದೆ, ಅದನ್ನೂ ಹೇಳುತ್ತೇನೆ. ಆರು ತಿಂಗಳಿಗೆ ಅವಳು ಮನೆಗೆ ಬರುತ್ತಾಳೆಂದು ಸುದ್ದಿ ಬಂತು. ನಾನು ಜಮಖಂಡಿ ಪೇಟೆಗೆ ಹೋಗಿ ಒಂದು ಊಟದ ಗಂಗಾಳ, ಒಂದು ಗ್ಲಾಸು ಕೊಂಡು ಎರಡಕ್ಕೂ ಅವಳ ಹೆಸರು ಹಾಕಿಸಿದೆ. ಪಾತ್ರೆ ಅಂಗಡಿಯವನು ಗುರ್ ಎನ್ನುವ ಸಣ್ಣ ಯಂತ್ರದಿಂದ ಅಕ್ಷರ ಕೊರೆಯುತ್ತ, “ಮಗಳ ಮದವಿ ಏನ್ರಿ?” ಎಂದು ಕೇಳಿದ. ಹೌದು ಅಂದೆ. ಆಶ್ರಮದವರ ಎಂಜಲು ನಮ್ಮ ಪಾತ್ರೆಗೆ ಕೂಡಬಾರದೆಂಬುದು ನನ್ನ ಲೆಕ್ಕ. ರೋಗ ಹಾಗೆ ಬರುವುದಿಲ್ಲವೆಂದು ಅವಳು ಮೊದಲೇ ತಿಳಿಸಿ ಹೇಳಿದ್ದಳು. ನಂಬಿದ್ದೆ ಕೂಡ. ನಂಬಿಯೂ ಹಾಕಿಸಿದೆ.

ಗ್ಲಾಸು ನೋಡಿ ಅವಳ ಮುಖ ಅರಳಿತು. “ಅವ್ವಾ, ಅಪ್ಪ ನನ್ನ ಹೆಸರ ಹಾಕಿಸ್ಯಾನ ನೋಡ!” ಎಂದು ಸಾರವ್ವನಿಗೆ ತೋರಿಸಿದಳು. ಸಿಟ್ಟು ಇಳಿದು ಉಡುಗೊರೆ ತಂದಿದ್ದೇನೆಂದು ತಿಳಿದಳು. ಊಟದ ಹೊತ್ತಿಗೆ ಬೇರೊಂದು ಗ್ಲಾಸಿಗೆ ಕೈ ಚಾಚಿದಳು. ನಾನು ಅದನ್ನು ಕಸಿದುಕೊಂಡೆ. “ನಿಂದ ಅಲ್ಲೈತಲ್ಲ” ಅಂದೆ.

ಅವಳು ನನ್ನ ಮುಖ ನೋಡಿದಳು, ಗ್ಲಾಸಿನ ಮೇಲಿನ ಹೆಸರು ನೋಡಿದಳು. ಉಂಡು ಎದ್ದಳು. ಅಂದಿನಿಂದ ಮನೆಗೆ ಬಂದಾಗಲೆಲ್ಲ ಅವಳು ಅಂಗಳದ ನಲ್ಲಿಯ ಕೆಳಗೆ ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಾಳೆ. ನನ್ನಪ್ಪ ಗೌಡರ ಅಂಗಳದಲ್ಲಿ ಹೇಗೆ ಬಗ್ಗುತ್ತಿದ್ದನೋ ಹಾಗೆಯೇ. ಗೌಡರು ಓದಿದವರಲ್ಲ, ಅವರಿಗೆ ಯಾರೂ ಬೇರೆ ಹೇಳಿಕೊಟ್ಟಿರಲಿಲ್ಲ. ನನಗೇನಾಗಿತ್ತು? ಪ್ರತಿ ಭಾನುವಾರ ಮೊದಲ ಸಾಲಿನಲ್ಲಿ ಕೂತು ನಾನು ಕೇಳಿದ್ದಾದರೂ ಏನು? ಹನ್ನೆರಡು ವರ್ಷ ಅದನ್ನು ನೋಡಿದೆ. “ಒಳಗ ಬಾರವಾ” ಎಂಬ ಎರಡು ಮಾತು ನನ್ನ ಈ ದೊಡ್ಡ ಬಾಯಿಂದ ಬರಲಿಲ್ಲ.

ದಾನಿಯೇಲಪ್ಪ ಮೊನ್ನೆ ಬಂದ ಕೆಲಸ ಹೇಳಲೇ ಇಲ್ಲ ನೋಡಿ. ಅವನ ಮೊಮ್ಮಗಳು ಆಶಾ ನರ್ಸಿಂಗ್ ಮುಗಿಸಿದ್ದಾಳೆ. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಅದನ್ನು ಬಿಟ್ಟು ಕರುಣಾಳ ಹತ್ತಿರ ಹೋಗುತ್ತೇನೆಂದು ಕೂತಿದ್ದಾಳೆ.

“ನೀ ಅನುಭವಿಸಿದಾಂವ ಅದಿ ಮೇಸ್ತ್ರಿ. ನೀ ಸ್ವಲ್ಪ ಬುದ್ಧಿ ಹೇಳ. ಹೇಳಿದ್ರ ಕೇಳತಾಳ” ಅಂದ. ಪಕ್ಕದಲ್ಲಿ ಆ ಗ್ಲಾಸು ಹಾಗೆಯೇ ತುಂಬಿ ಕೂತಿತ್ತು.

“ಕಳಸು, ಹೇಳತೀನಿ” ಅಂದೆ.

ನಿನ್ನೆ ಬೆಳಿಗ್ಗೆ ಹುಡುಗಿ ಬಂದಳು. ಬಾಗಿಲಲ್ಲೇ ನಿಂತು, “ಅಜ್ಜಾರ, ಬುದ್ಧಿ ಹೇಳತೀರಂತಲ್ರಿ. ಲಗೂ ಹೇಳ್ರಿ, ಒಂಬತ್ತೂವರೆಗೆ ಬಸ್ ಐತ್ರಿ” ಅಂದಳು. ಅದೇ ಗ್ಲಾಸಿನಲ್ಲಿ ನೀರು ಕೊಟ್ಟೆ. ಹೆಸರು ಓದಿದಳು, ಗಟಗಟ ಕುಡಿದಳು, ಇನ್ನಷ್ಟು ಹಾಕಿರೆಂದು ಚಾಚಿದಳು. ನಾನು ಗ್ಲಾಸು ತೊಳೆದು ಚೀಲಕ್ಕೆ ಹಾಕಿಕೊಂಡು ಅವಳ ಜೊತೆಗೇ ಬಸ್ಸು ಹತ್ತಿದೆ. ದಾನಿಯೇಲಪ್ಪ ಇನ್ನು ನನ್ನ ಮುಖ ನೋಡಲಿಕ್ಕಿಲ್ಲ. ನೋಡದಿದ್ದರೆ ಬಿಡಲಿ.

ಆಶ್ರಮಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಕರುಣಾ ಪಡಸಾಲೆಯಲ್ಲಿ ಕೂತು ಬಡಕಲು ಹೆಂಗಸೊಬ್ಬಳ ತಲೆ ಬಾಚುತ್ತಿದ್ದಳು. ನನ್ನ ಮಗಳ ಕೂದಲಲ್ಲೂ ಬಿಳಿ ಕಾಣಿಸಿಕೊಂಡಿತ್ತು. ದಾರಿಯುದ್ದಕ್ಕೂ ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ.

“ಮೂರನೇ ಸರತಿ” ಅಂದೆ.

ಅವಳ ಕೈಯ ಬಾಚಣಿಗೆ ನಿಂತಿತು. ನನ್ನತ್ತ ತಿರುಗಿದಳು.

“ಆ ಕೋಳಿ ಯಾರಿಗೆ ಹೋತು ಅಪ್ಪಾ ಅವತ್ತ?”

“ದಾನಿಯೇಲಪ್ಪಗ.”

“ಭಾಳ ತುಟ್ಟೀ ಕೊಟ್ಟಿರಬೇಕ ನೀ” ಎಂದು ಹೇಳಿ ಮತ್ತೆ ಬಾಚತೊಡಗಿದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚೀಲದಿಂದ ಗ್ಲಾಸು ತೆಗೆದು ಅವಳ ಪಕ್ಕದಲ್ಲಿಟ್ಟೆ. ಜಡೆ ಹಾಕಿ ಮುಗಿಸಿದ ಮೇಲೆ ಅವಳು ಅದಕ್ಕೆ ನೀರು ತುಂಬಿ ಆ ಹೆಂಗಸಿನ ಬಾಯಿಗೆ ಹಿಡಿದಳು. ಆಕೆ ಅರ್ಧ ಕುಡಿದು, ಸಾಕೆಂದು ತಲೆಯಾಡಿಸಿ, ಗ್ಲಾಸನ್ನು ನನ್ನ ಮುಂದೆ ಇಟ್ಟಳು. “ನೀವೂ ಕುಡೀರಿ ಯಪ್ಪಾ, ಬಿಸಲಾಗ ಬಂದೀರಿ” ಅಂದಳು.

ಕರುಣಾ ನನ್ನನ್ನೇ ನೋಡುತ್ತಿದ್ದಳು. ನನಗೆ ನೀರಡಿಕೆಯಾಗಿತ್ತು. ಗ್ಲಾಸನ್ನು ತುಟಿಗೆ ಹಚ್ಚಿ ಕುಡಿದೆ.