ಸ್ನಾನಕ್ಕೆ ಮುಂಚಿನ ಹೊತ್ತು

ಮೊನ್ನೆ ಮಂಡ್ಯದ ಬಸ್ ನಿಲ್ದಾಣದಲ್ಲಿ ಮಳೆ ನಿಲ್ಲಲೆಂದು ಕಾಯುತ್ತಿದ್ದೆ. ಎಲ್ಲಿಂದಲೋ ಓಡಿಬಂದ ನಾಯಿಯೊಂದು ನನ್ನ ಸೀರೆಯ ನೆರಿಗೆಗೆ ತಾಗುವಂತೆ ನಿಂತು ಮೈ ಒದರಿತು. ನೆನೆದ ನಾಯಿಯ ಆ ವಾಸನೆ... ಪಕ್ಕದವರು ಮೂಗು ಮುಚ್ಚಿಕೊಂಡು ಸರಿದರು. ನನಗೆ ಮಳವಳ್ಳಿಯ ಪಕ್ಕದ ಮನೆಯ ಅಜ್ಜಿ ನೆನಪಾದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಆ ಊರಿಗೆ ಬಂದಾಗ ನನಗೆ ಹತ್ತೊಂಬತ್ತು. ಹೊಸ ಸೊಸೆ ಬೀದಿಬಾಗಿಲಲ್ಲಿ ನಿಲ್ಲುವಂತಿರಲಿಲ್ಲ. ಅಡುಗೆಮನೆ, ಹಿತ್ತಿಲು, ಇಷ್ಟೇ ನನ್ನ ಪ್ರಪಂಚ. ಜಿಮ್ಮಿ ನನಗಿಂತ ಎರಡು ತಿಂಗಳು ಮೊದಲೇ ಆ ಮನೆ ಸೇರಿತ್ತು. ಯಜಮಾನರ ಕಚೇರಿಯ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಕೊಟ್ಟುಹೋದ ಟೆರಿಯರ್ ನಾಯಿ. ಮೊಣಕಾಲೆತ್ತರ, ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಕಳ್ಳ ಬಂದರೂ ಅವನ ಮಡಿಲೇರುವ ಜಾತಿ. "ಇದ್ನ ಸಾಕಾದ್ಕಿಂತ ಒಂದು ಬಂಡೂರು ಕುರಿ ಸಾಕಿದ್ರೆ ಉಣ್ಣಾಕಾದ್ರೂ ಆಗದು ಕಣವ್ವ" ಎಂದು ಗೊಣಗುತ್ತಲೇ ನಮ್ಮತ್ತೆ ಮುದ್ದೆಯ ಕೊನೆಯ ತುತ್ತನ್ನು ಅದಕ್ಕೇ ಎಸೆಯುತ್ತಿದ್ದರು.

ಪಕ್ಕದ್ದು ಅರ್ಚಕರ ಮನೆ. ಅಜ್ಜಿ ಅರ್ಚಕರಿಗೆ ಸೋದರತ್ತೆ. ಹನ್ನೊಂದು ತುಂಬುವ ಮೊದಲೇ ಗಂಡ ತೀರಿ, ಆಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರಂತೆ. ಅಲ್ಲಿಂದ ಶುರುವಾದ ಮಡಿ. ದೇವರ ನೈವೇದ್ಯಕ್ಕೆ ಅನ್ನ ಮಾಡುವುದು ಅವರೇ. ಅವರು ನಡುಮನೆಯಲ್ಲಿ ನಡೆದರೆ ಮಕ್ಕಳೆಲ್ಲ ಗೋಡೆಗೆ ಅಂಟಿಕೊಳ್ಳಬೇಕು. ಎರಡು ಹಿತ್ತಿಲ ನಡುವೆ ಎದೆಯೆತ್ತರದ ಮಣ್ಣುಗೋಡೆ. ಒಂದು ಕಡೆ ಕುಸಿದು ನಾಯಿ ನುಸುಳುವಷ್ಟು ಸಂದಾಗಿತ್ತು.

ಒಂದು ಬೆಳಿಗ್ಗೆ ಆಕೆ ಒದ್ದೆ ಸೀರೆಯಲ್ಲಿ ಮಡಿನೀರು ಹೊತ್ತು ಹೊರಟಿದ್ದರು. ಜಿಮ್ಮಿ ಆ ಸಂದಿನಲ್ಲಿ ನುಗ್ಗಿ, ಮುಂಗಾಲೆರಡನ್ನೂ ಅವರ ಮೇಲಿಟ್ಟು ಕೈ ನೆಕ್ಕಿಬಿಟ್ಟಿತು. ನಾನು ಗೋಡೆಯ ಹತ್ತಿರ ಓಡಿದೆ.

"ಏನೇ ಇದು, ನಿಮ್ಮ ನಾಯಿಗೆ ಮಡಿ, ಮೈಲಿಗೆ ಒಂದೂ ಗೊತ್ತಿಲ್ವೇನೇ?"

"ತಪ್ಪಾಯ್ತು ಅಜ್ಜಮ್ಮ. ಅದ್ಕೆ ಕಂಡೋರೆಲ್ಲ ನೆಂಟ್ರೇಯ."

ಕೊಡದ ನೀರು ಚೆಲ್ಲಿ, ಮತ್ತೆ ತಣ್ಣೀರು ಸುರಿದುಕೊಂಡರು. ನಾನು ಜಿಮ್ಮಿಯನ್ನು ಕಲ್ಲುಕಂಬಕ್ಕೆ ಕಟ್ಟಿದೆ. ಹಗ್ಗ ಬಿಟ್ಟಷ್ಟು ದೂರ ಸುತ್ತಿ ಸುತ್ತಿ, ನಾಲ್ಕೇ ದಿನದಲ್ಲಿ ನೆಲದ ಮೇಲೆ ಗುಂಡಗೆ ಒಂದು ದಾರಿ ಸವೆದಿತ್ತು.

ಐದನೆಯ ದಿನ ಗೋಡೆಯಾಚೆಯಿಂದ ಪಿಸುದನಿ. "ಇನ್ನೂ ಕಟ್ಟೇ ಹಾಕಿದೀಯೇನೇ? ನಾಳೆ ಬಿಡು. ನನ್ನ ಸ್ನಾನಕ್ಕೆ ಮುಂಚೆ ಬಿಡು. ಹೇಗಿದ್ರೂ ಸ್ನಾನ ಮಾಡಲೇಬೇಕಲ್ಲ, ಅಷ್ಟರೊಳಗೆ ಮುಟ್ಟಿದ್ರೆ ಏನು ಹೋಯ್ತು?"

ಅಂದಿನಿಂದ ಅದೊಂದು ಕಟ್ಟಳೆಯಾಯಿತು. ಮನೆಮಂದಿ ಏಳುವ ಮುನ್ನ ನಾನು ಹಗ್ಗ ಬಿಚ್ಚುತ್ತಿದ್ದೆ. ಆಕೆ ಒಗೆಯುವ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಜಿಮ್ಮಿ ಮಡಿಲಿಗೆ ಹಾರಿ, ಕಂಕುಳಲ್ಲಿ ಮೂತಿ ತೂರಿಸಿ ಉಸ್ಸೆನ್ನುತ್ತಿತ್ತು. ಎಷ್ಟೋ ಹೊತ್ತು ಇಬ್ಬರೂ ಅಲುಗುತ್ತಿರಲಿಲ್ಲ. ಒಮ್ಮೆ ಅಂದರು: "ಇದರ ಹೊಟ್ಟೆ ಎಷ್ಟು ಬೆಚ್ಚಗಿದೆ ನೋಡೇ. ನಮ್ಮಮ್ಮ ತೊಡೆ ಮೇಲೆ ಕೂರಿಸ್ಕೊಂಡು ಜಡೆ ಹಾಕ್ತಿದ್ಲು... ಹೀಗೇ ಇರ್ತಿತ್ತು."

ಒಂದು ಮಳೆಗಾಲ ಹೀಗೇ ನಡೆಯಿತು. ಆಮೇಲೊಂದು ದಿನ ನೈವೇದ್ಯದ ಅನ್ನದಲ್ಲಿ ರೋಮ ಸಿಕ್ಕಿತು. ಗಿಡ್ಡನೆಯ, ಬಿಳಿಯ, ಒರಟು ರೋಮ. ಅರ್ಚಕರು ನಮ್ಮ ಜಗಲಿಗೆ ಬಂದರು.

"ಗೌಡ್ರೇ, ತಪ್ಪು ತಿಳ್ಕೋಬೇಡಿ. ನಾಯಿ ದಿನಾ ನಮ್ಮ ಹಿತ್ತಿಲಿಗೆ ನುಗ್ತಾ ಇದೆ. ದೇವರ ಕೆಲಸ, ಹೇಗೆ ಸುಮ್ನಿರ್ಲಿ?"

"ಬುಡಿ ಸ್ವಾಮಿ, ನಾಳೆನೇ ಸಾಗಾಕ್ತೀವಿ" ಎಂದರು ಮಾವ.

ಬಾಗಿಲ ಸಂದಿಯಲ್ಲಿ ನಾನಿದ್ದೆ. ಜಿಮ್ಮಿ ತಾನಾಗಿ ನುಗ್ಗಿದ್ದಲ್ಲ, ಕರೆದರೆಂದೇ ಬಿಟ್ಟೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಅಜ್ಜಿಯ ಗತಿ? ಹೇಳದಿದ್ದರೆ ಜಿಮ್ಮಿಯ ಗತಿ? ಹಿರಿಯರ ಮುಂದೆ ಬಾಯಿ ಬಿಡುವ ಅಭ್ಯಾಸವೂ ಇರಲಿಲ್ಲ. ಪಕ್ಕದ ಮನೆಯ ಬಾಗಿಲ ಹಿಂದೆಯೂ ಕೆಂಪು ಸೆರಗಿನ ಅಂಚು ಕಾಣುತ್ತಿತ್ತು. ಅರ್ಚಕರು ಜಗಲಿ ಇಳಿಯುತ್ತಲೇ ಅದು ಒಳಗೆ ಸರಿಯಿತು.

ಮಾರನೆಯ ದಿನ ಜಿಮ್ಮಿಯನ್ನು ಗೋಣಿಚೀಲದಲ್ಲಿ, ಮೂತಿ ಮಾತ್ರ ಹೊರಗಿಟ್ಟು, ಬಂಡೂರಿಗೆ ಒಯ್ದರು. ಅಲ್ಲಿ ಅತ್ತೆಯ ತಮ್ಮನ ಕುರಿಹಟ್ಟಿ ಇತ್ತು. ಗೋಡೆಯ ಸಂದಿಗೆ ಕಲ್ಲು, ಕೆಸರು ಮೆತ್ತಿದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಅಜ್ಜಿ ಗೋಡೆಯ ಹತ್ತಿರ ಬಂದರು. "ಎಲ್ಲಿಗೆ ಕಳಿಸಿದ್ರೇ?"

"ಬಂಡೂರ್ಗೆ ಅಜ್ಜಮ್ಮ. ಕುರಿ ಮರಿ ಜೊತೆ ಮಲಿಕತದಂತೆ."

"ಬೆಚ್ಚಗಿರುತ್ತೆ ಹಾಗಾದ್ರೆ" ಎಂದರು. ಸಂದಿಗೆ ಮೆತ್ತಿದ ಕೆಸರನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಕೇಳಿದರು: "ನಿಂದು ಸ್ನಾನ ಆಯ್ತೇನೇ?"

"ಇನ್ನೂ ಇಲ್ಲ."

"ನಂದೂ ಆಗಿಲ್ಲ."

ಹಾಗೆಂದು ಗೋಡೆಯ ಮೇಲಿಂದ ಕೈ ಚಾಚಿದರು. ಬಳೆಯಿಲ್ಲದ, ನೀರಲ್ಲೇ ನೆನೆದು ನೆನೆದು ಸುಕ್ಕಾದ ಕೈ. ನಾನು ಕೈಯನ್ನೂ ನೋಡಿದೆ, ಮುಖವನ್ನೂ ನೋಡಿದೆ. ಚಿಕ್ಕಂದಿನಿಂದ ನಮ್ಮವರು ಕಲಿಸಿದ್ದೊಂದೇ, ಅಂಥ ಮಡಿ ಹೆಂಗಸರನ್ನು ಮುಟ್ಟಬಾರದು... ಕಾಲು ತಾನಾಗಿ ಹಿಂದೆ ಸರಿಯಿತು. "ಅತ್ತೆ ಕೂಗ್ತಾವ್ರೆ ಅಜ್ಜಮ್ಮ" ಎಂದು ಒಳಗೋಡಿದೆ.

ಆಕೆ ಮತ್ತೆ ಗೋಡೆಯ ಹತ್ತಿರ ಬರಲಿಲ್ಲ. ನಸುಕಿನಲ್ಲಿ ತಣ್ಣೀರು ಸುರಿದುಕೊಳ್ಳುವ ಸದ್ದು ಮಾತ್ರ ಕೇಳುತ್ತಿತ್ತು. ವರ್ಷದೊಳಗೆ ನಮಗೆ ಮಂಡ್ಯಕ್ಕೆ ವರ್ಗವಾಯಿತು. ಅವರು ಹೋದ ಸುದ್ದಿ ಯಾರೋ ಮಾತಿನ ನಡುವೆ ಹೇಳಿದರು. ಹೋಗಿ ತಿಂಗಳುಗಳೇ ಆಗಿದ್ದವು.

ಈಗ ನನಗೆ ಆಗಿನ ಅವರಿಗಿಂತಲೂ ಹೆಚ್ಚು ವಯಸ್ಸು. ಯಜಮಾನರಿಲ್ಲ. ಮೊಮ್ಮಗಳು ರಸ್ತೆ ದಾಟಿಸಲು ಕೈ ಹಿಡಿದರೆ ಆಚೆ ದಡ ಸೇರಿದ ಮೇಲೂ ಬಿಡಿಸಿಕೊಳ್ಳಲು ಮನಸ್ಸಾಗುವುದಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಇಲ್ಲಿ ಬರೆದುಬಿಡುತ್ತೇನೆ: ಆವತ್ತು ಅತ್ತೆ ಕೂಗಿರಲಿಲ್ಲ. ಅವರಿನ್ನೂ ಎದ್ದೇ ಇರಲಿಲ್ಲ.