ಚಪಾತಿ ಯಂತ್ರಕ್ಕೆ ಮಂಗಳ ಹಾಡಿದ್ದು

ನಮ್ಮ ಪಂಚಾಂಗದಲ್ಲಿ ಏನನ್ನಾದರೂ ಶುರು ಮಾಡಲು ಬೇಕಾದಷ್ಟು ಮುಹೂರ್ತಗಳಿವೆ; ನಿಲ್ಲಿಸಲು ಒಂದೂ ಇಲ್ಲ. ಅಂಗಡಿ ತೆರೆಯಲು ಗಳಿಗೆ ಇಟ್ಟುಕೊಡುವ ಪುರೋಹಿತರು, ಅದರ ಬಾಗಿಲು ಎಂದು ಎಳೆಯಬೇಕೆಂದು ಕೇಳಿದರೆ ಪೆಚ್ಚಾಗುತ್ತಾರೆ. ಈ ಕೊರತೆ ನನಗೆ ತಟ್ಟಿದ್ದು ತೊಂಬತ್ತರ ದಶಕದಲ್ಲಿ, ಎನ್.ಆರ್. ಕಾಲೋನಿಯಲ್ಲಿ ನಾನು ಚಪಾತಿ ಯಂತ್ರದ ಪ್ರಚಾರಕಿಯಾಗಿದ್ದಾಗ.

ಪ್ರಚಾರಕಿ ಎನ್ನುವುದು ನಾನೇ ಕೊಟ್ಟುಕೊಂಡ ಬಿರುದು. ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಮನೆಯವರ ಚಿಕ್ಕಪ್ಪನ ಮಗ ಶ್ರೀಕಂಠ ಕಾಟನ್‌ಪೇಟೆಯಲ್ಲಿ ಅಡುಗೆಮನೆ ಸಾಮಾನಿನ ಸಗಟು ವ್ಯಾಪಾರ ಇಟ್ಟುಕೊಂಡಿದ್ದ. ಒಂದು ಭಾನುವಾರ ಅವನು, ಎರಡು ದುಂಡು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂಥ ಕರೆಂಟಿನ ಯಂತ್ರವೊಂದನ್ನು ತಂದು ನಮ್ಮ ಅಡುಗೆ ಕಟ್ಟೆಯ ಮೇಲಿಟ್ಟ. ಹಿಟ್ಟಿನ ಉಂಡೆ ಇಟ್ಟು ಮುಚ್ಚಳ ಒತ್ತಿದರೆ ಚಪಾತಿ ತಾನೇ ಹರಡಿ, ತಾನೇ ಬೆಂದು, ಉಬ್ಬಿ ಕೂರುತ್ತದಂತೆ. ನಾನು ಗೊತ್ತಿದ್ದವರಿಗೆಲ್ಲ ತೋರಿಸಬೇಕು. ನನ್ನ ಹೆಸರು ಹೇಳಿ ಕೊಂಡವರ ಲೆಕ್ಕದಲ್ಲಿ ನನಗೆ ಕಮಿಷನ್.

"ಅತ್ತಿಗೆ, ಟೀಚರ್ ಹೇಳಿದ್ರೆ ಜನ ನಂಬ್ತಾರೆ," ಎಂದ. ಆ ಮಾತಿಗೆ ನಾನು ಉಬ್ಬಿದೆ. ಚಪಾತಿ ಮಾತ್ರ ಉಬ್ಬಲಿಲ್ಲ.

ಹಿಟ್ಟು ಕೊಂಚ ಗಟ್ಟಿಯಾದರೆ ಹಪ್ಪಳ, ಕೊಂಚ ಸಡಿಲವಾದರೆ ಎರಡೂ ತಟ್ಟೆಗೆ ಸಮಪಾಲು. ನಡುವಿನ ಹದ ಯಾವುದೆಂದು ಯಂತ್ರಕ್ಕೊಂದೇ ಗೊತ್ತಿತ್ತು. ನೋಡಲು ಬಂದವರ ಮುಂದೆ ನಾನು ತುದಿಗಾಲಲ್ಲಿ ನಿಂತು, ಎರಡೂ ಕೈಯಿಂದ, ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾ, "ನೋಡಿ, ಎಷ್ಟು ಸಲೀಸು" ಎನ್ನುತ್ತಿದ್ದೆ. ಅವರು ಕಾಫಿ ಕುಡಿದು, ಮನೆಯಲ್ಲಿ ಕೇಳಿ ಹೇಳುವುದಾಗಿ ಎದ್ದು ಹೋಗುತ್ತಿದ್ದರು. ಕೊಂಡವರು ಇಬ್ಬರು: ನನ್ನ ತಂಗಿ, ಮತ್ತು ತಂಗಿಯ ದಾಕ್ಷಿಣ್ಯಕ್ಕೆ ಸಿಕ್ಕಿಬಿದ್ದ ಅವಳ ನಾದಿನಿ.

ಹಾಗಿದ್ದರೆ ನಿಲ್ಲಿಸಬಾರದಿತ್ತೇ ಎನ್ನುತ್ತೀರಿ. ಶ್ರಾವಣ ಬರಲಿ ಎಂದುಕೊಂಡೆ, ಬಂತು. ದೀಪಾವಳಿ ಕಳೆಯಲಿ ಎಂದೆ, ಕಳೆಯಿತು. ಚಾಮರಾಜಪೇಟೆಯ ರಾಮನವಮಿ ಸಂಗೀತ ಕಚೇರಿಗಳಲ್ಲಿ ನೋಡಿದ್ದೇನೆ. ಬಲ್ಲ ವಿದ್ವಾಂಸರು, ಜನ ಇನ್ನೂ ಬೇಕೆನ್ನುವಾಗಲೇ ಮಂಗಳ ಹಾಡಿ ಕೈಮುಗಿಯುತ್ತಾರೆ. ಸೋತವರಿಗೆ ಮಾತ್ರ ಅದು ಸಾಧ್ಯವಾಗುವುದಿಲ್ಲ. ಸಭಿಕರು ಚಪ್ಪಲಿ ಹುಡುಕುವುದನ್ನು ಕಂಡಷ್ಟೂ, ಮುಂದಿನ ಕೃತಿ ಹಿಡಿದು ಕೂರಿಸೀತೆಂದು ಇನ್ನೊಂದು ರಾಗ ಎತ್ತಿಕೊಳ್ಳುತ್ತಾರೆ. ನನ್ನದು ಈ ಎರಡನೆಯ ಸಂಪ್ರದಾಯ. ಗಾಂಧಿಬಜಾರಿನಲ್ಲಿ ನನ್ನನ್ನು ಕಂಡ ಪರಿಚಿತರು ಬೇಡದ ಹೂವಿಗೆ ಚೌಕಾಸಿ ಮಾಡುತ್ತಾ ಬೆನ್ನು ತಿರುಗಿಸಿದರೂ, ಅವರ ಹೂಭಕ್ತಿ ಹೆಚ್ಚಿತೆಂದೇ ತಿಳಿದಿದ್ದೆ.

ಹೀಗಿರುವಾಗ ಎದುರುಮನೆಯ ಇಂದಿರಮ್ಮ ತಾವಾಗಿಯೇ ಬಂದರು. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದವರಿಗೆ ಆಗಷ್ಟೇ ಪಟ್ಟಿ ಬಿಚ್ಚಿದ್ದರು. ಸಕ್ಕರೆ ಕಾಯಿಲೆಯ ಗಂಡನಿಗೆ ರಾತ್ರಿ ಚಪಾತಿಯೇ ಆಗಬೇಕು. ಲಟ್ಟಣಿಗೆ ಹಿಡಿದರೆ ಇವರ ಕೈ ನಡುಗುತ್ತಿತ್ತು. ಪರ್ಸು ಹಿಡಿದೇ ಬಂದಿದ್ದರು.

"ನೀವು ಹೂಂ ಅಂದ್ರೆ ಸಾಕು, ತೊಗೊಂಡ್ಬಿಡ್ತೀನಿ. ಈ ಕೈಯಲ್ಲಿ ಆಗತ್ತಲ್ವಾ?" ಎಂದು ಕೈ ಚಾಚಿದರು.

ಪಟ್ಟಿಯೊಳಗೆ ತಿಂಗಳುಗಟ್ಟಲೆ ಇದ್ದ ಕೈ ಬಿಳಿಚಿಕೊಂಡು, ಸೊರಗಿತ್ತು. ಇಷ್ಟು ದಿನ ನಾನು ಹೇಳುತ್ತಿದ್ದೆ, ಜನ ಕೇಳಿಸಿಕೊಂಡು ಹೋಗುತ್ತಿದ್ದರು, ತಂಗಿ ಮತ್ತು ಅವಳ ನಾದಿನಿಯನ್ನು ಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಈಕೆ ನಿಜವಾಗಿ ನಂಬಿ ಬಂದಿದ್ದರು. "ಆರಾಮಾಗಿ" ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಇಲ್ಲ ಇಂದಿರಮ್ಮ, ಇದು ನಿಮಗೆ ಬೇಡ. ಎರಡು ಕೈ ಇಟ್ಟು ಒತ್ತಿದ್ರೂ ನನಗೇ ಆಗಲ್ಲ," ಎಂದೆ.

ಅವರ ಮುಖ ಇಳಿಯಿತು. ಹಾಗಾದರೆ ಗಂಡನಿಗೆ ರಾತ್ರಿ ಏನು ಮಾಡಿ ಹಾಕಲಿ ಎಂದರು. ಕೈ ಸರಿಯಾಗುವವರೆಗೆ ನಾನೇ ಕಳಿಸುತ್ತೇನೆ, ಹೇಗೂ ನಮಗೆಂದು ದಿನಾ ಲಟ್ಟಿಸುತ್ತೇನಲ್ಲ ಎಂದೆ.

"ಲಟ್ಟಿಸ್ತೀರಾ? ಯಂತ್ರದಲ್ಲಿ ಮಾಡಲ್ವಾ?"

"ಯಂತ್ರ ಇರೋದು ಬಂದವರಿಗೆ ತೋರಿಸಕ್ಕೆ."

ಇಂದಿರಮ್ಮ ನನ್ನನ್ನೇ ದಿಟ್ಟಿಸಿದರು. ಆಮೇಲೆ ಕಟ್ಟೆ ಹಿಡಿದುಕೊಂಡು ನಗತೊಡಗಿದರು. ನನಗೂ ನಗು ತಡೆಯಲಾಗಲಿಲ್ಲ.

ಮಾರನೆಯ ಸಂಜೆಯೇ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು, ಮನೆಯವರ ಸ್ಕೂಟರಿನ ಹಿಂದೆ ಕೂತು ಕಾಟನ್‌ಪೇಟೆಗೆ ಹೋಗಿ ಒಪ್ಪಿಸಿ ಬಂದೆ. ಶ್ರೀಕಂಠ ಬೇಸರಿಸಲಿಲ್ಲ, ಮೊಳಕೆಕಾಳಿನ ಡಬ್ಬಿ ಬಂದಿದೆ, ನೋಡ್ತೀರಾ ಎಂದ. ನೋಡುವುದಿಲ್ಲ ಎಂದೆ. ವ್ಯಾಪಾರವಾಗದಿದ್ದಾಗ ನಿಲ್ಲಿಸಬೇಕೆಂದು ಬಲ್ಲವರು ಹೇಳುತ್ತಾರೆ. ವರ್ಷವಿಡೀ ಆಗದಿದ್ದರೂ ನಾನು ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದು, ವ್ಯಾಪಾರ ಖಂಡಿತ ಆಗಿಬಿಡುತ್ತದೆ ಎಂದು ಗೊತ್ತಾದ ದಿನ.

ಯುಗಾದಿಯ ಹೊತ್ತಿಗೆ ಇಂದಿರಮ್ಮನ ಕೈಗೆ ಬಲ ಬಂತು. ತಾವು ಮೊದಲು ಲಟ್ಟಿಸಿದ ಚಪಾತಿಯನ್ನು ನಮ್ಮನೆಗೇ ಕಳಿಸಿದರು. ಯಾವುದೋ ದ್ವೀಪದ ಭೂಪಟದಂತಿತ್ತು. ನಾವು ಗಂಡ ಹೆಂಡತಿ ಮುರಿದುಕೊಂಡು ತಿಂದೆವು. ಬಹಳ ಚೆನ್ನಾಗಿದೆ ಎಂದು ನಾನೇ ಹೋಗಿ ಹೇಳಿದೆ. ಅದರಿಂದ ನನಗೆ ಗಿಟ್ಟುವುದೇನೂ ಇರಲಿಲ್ಲವಾದ್ದರಿಂದ, ಆಕೆ ಪೂರ್ತಿ ನಂಬಿದರು.