ಮೇಳದ ದೋಣಿಯಲ್ಲಿ ಹಸಿರು ಬಳೆ

ವಾಷಿಂಗ್ಟನ್ ಸುತ್ತಮುತ್ತ ನೆಲೆಸಿದ ನಮ್ಮ ಕಾಲದ ಕನ್ನಡದವರ ಮನೆಗಳಲ್ಲಿ ಊಟವಾದ ಮೇಲೆ ಸ್ಲೈಡ್ ತೋರಿಸುವ ಪದ್ಧತಿಯೊಂದಿತ್ತು. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಪರದೆ ಎಳೆದು, ನೋಡಿದ ಊರುಗಳನ್ನೆಲ್ಲ ಒಂದೊಂದಾಗಿ ತೋರಿಸುವುದು. ಬಿಸಿಬೇಳೆಬಾತ್ ತಿಂದ ಋಣಕ್ಕೆ ಅತಿಥಿಗಳು ನಿದ್ದೆ ತಡೆದುಕೊಂಡು ನೋಡುತ್ತಿದ್ದರು. ಅರವತ್ತೇಳನೇ ಇಸವಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವ ಮೇಳದ ಸ್ಲೈಡುಗಳು ನಮ್ಮ ಯಜಮಾನರ ಹತ್ತಿರ ಒಂದು ಟ್ರೇ ತುಂಬ ಇದ್ದವು. ದೊಡ್ಡ ಗುಮ್ಮಟವಿತ್ತು, ಹೊಳೆಯಿತ್ತು, ದೇಶದೇಶಗಳ ಮಂಟಪಗಳಿದ್ದವು, ಐಸ್‌ಕ್ರೀಮ್ ಹಿಡಿದು ಕಣ್ಣು ಮುಚ್ಚಿರುವ ನಾನೂ ಇದ್ದೆ. ಜನರನ್ನು ಹೊತ್ತು ಓಡಾಡುತ್ತಿದ್ದ ದೋಣಿಗಳು ಮಾತ್ರ ಒಂದರಲ್ಲೂ ಇಲ್ಲ.

ಅದಕ್ಕೆ ಕಾರಣ ಸರಳ. ನಾನು ದೋಣಿ ಹತ್ತಿದಾಗ ಕ್ಯಾಮೆರಾ ಹಿಡಿದ ಮಹಾಶಯರು ಜೊತೆಯಲ್ಲಿರಲಿಲ್ಲ. ಇದ್ದಿದ್ದರೆ ನಾನು ಬರೆಯಬೇಕಾದದ್ದು ಯಾವುದೂ ನಡೆಯುತ್ತಲೇ ಇರಲಿಲ್ಲ.

ಆ ಬೇಸಿಗೆ ನನಗೆ ಏಳು ತಿಂಗಳು. ಅದರ ಹಿಂದಿನ ವರ್ಷ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಗಿತ್ತು. ಹೊರಗೆ ಹಿಮ ಬೀಳುತ್ತಿತ್ತು, ಆಸ್ಪತ್ರೆಯಲ್ಲಿ ನನ್ನ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. ಆ ದುಃಖವನ್ನು ನಾನಿಲ್ಲಿ ಬಿಡಿಸಿ ಬರೆಯಲಾರೆ. ಈ ಮಗುವನ್ನು ಉಳಿಸಿಕೊಳ್ಳಲೇಬೇಕು ಎಂದು ಹಲ್ಲು ಕಚ್ಚಿಕೊಂಡು ದಿನ ದೂಡುತ್ತಿದ್ದೆ ಎಂದರೆ ಸಾಕು. ಬಾಣಂತನಕ್ಕೆಂದು ಅತ್ತೆಯವರು ಏಪ್ರಿಲ್‌ನಲ್ಲೇ ಮೈಸೂರಿನಿಂದ ಬಂದಿಳಿದರು.

ಅತ್ತೆಯವರಿಗೆ ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗನನ್ನು ಸಾಕಿ, ಓದಿಸಿ, ವಿಜ್ಞಾನಿ ಮಾಡಿದವರು. ಬಳಗದ ಯಾವ ಮದುವೆಗೂ ಹಿಟ್ಟು ಕುಟ್ಟುವುದರಿಂದ ಹಿಡಿದು ಲಾಡು ಕಟ್ಟುವವರೆಗೆ ಅವರ ಕೈ ಬೇಕು. ಮುಹೂರ್ತದ ಹೊತ್ತಿಗೆ ಮಾತ್ರ ಯಾರೂ ಹೇಳದಿದ್ದರೂ ತಾವಾಗಿಯೇ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನಮ್ಮ ಮದುವೆಯಲ್ಲೂ ಹಾಗೇ ಆಯಿತು. ಹೆತ್ತ ಮಗ ತಾಳಿ ಕಟ್ಟುವಾಗ ಈ ತಾಯಿ ಅಡುಗೆ ಕೋಣೆಯ ಬಾಗಿಲ ಹಿಂದೆ ನಿಂತಿದ್ದರು. ನಾನು ಹಸೆಮಣೆಯ ಮೇಲಿಂದ ಅದನ್ನು ನೋಡಿದೆ. ಆ ವಯಸ್ಸಿನಲ್ಲಿ ಬಾಯಿ ಬಿಡುವ ಧೈರ್ಯ ಬರಲಿಲ್ಲ, ಆದರೆ ಹೊಟ್ಟೆಯೊಳಗೆ ಒಂದು ಸಿಟ್ಟು ಅವತ್ತಿನಿಂದಲೇ ಕೂತಿತ್ತು.

ಮೇರಿಲ್ಯಾಂಡಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ವಾರದಲ್ಲೇ ಅವರು ಪೆಟ್ಟಿಗೆ ಬಿಚ್ಚಿ ಹಳೆಯ ಪಂಚೆಯಲ್ಲಿ ಸುತ್ತಿದ ಹಸಿರು ಗಾಜಿನ ಬಳೆಗಳನ್ನು ತೆಗೆದರು. ಅಷ್ಟು ದೂರ ಬಂದರೂ ಒಂದೂ ಒಡೆದಿರಲಿಲ್ಲ. ಬಸುರಿಯ ಕೈ ಊದಿರುತ್ತದೆಂದು ಒಂದು ಸುತ್ತು ದೊಡ್ಡದನ್ನೇ ಆರಿಸಿ ತಂದಿದ್ದರು. ನಾನು ಸಂತೋಷದಿಂದ ಕೈ ಚಾಚಿದರೆ, ಅವರು ಬಳೆಗಳನ್ನು ಮತ್ತೆ ಸುತ್ತಿಟ್ಟರು.

"ನನ್ ಕೈಲಿ ಬೇಡಮ್ಮ. ಯಾರಾದ್ರೂ ಮುತ್ತೈದೆ ಸಿಕ್ಲಿ, ತೊಡಿಸ್ತಾರೆ" ಎಂದರು.

"ಇಲ್ಲಿ ಯಾವ ಮುತ್ತೈದೆ ಸಿಗ್ತಾರೆ ಅತ್ತೆ? ನೀವೇ ತೊಡಿಸಿ. ಇಲ್ದಿದ್ರೆ ನಂಗೆ ಬಳೆನೇ ಬೇಡ."

ಆಗ ಅವರು ಹೇಳಿದ ಮಾತನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. "ನೀನು ಅಮೆರಿಕಾಗೆ ಹೊರಟ ದಿವಸ ಬಾಗಿಲಲ್ಲಿ ನಾನೇ ನಿಂಗೆ ಎದುರು ಬಂದ್ಬಿಟ್ಟೆ. ನೆನಪಿದ್ಯಾ? ಮರೆತು ಬಂದ್ಬಿಟ್ಟೆ ಕಣೆ. ಹೋದ ಸಲ ಆಗಿದ್ದು ಅದ್ರಿಂದ್ಲೇ. ಈ ಸಲ ನನ್ ಕೈ ಸೋಕೋದು ಬೇಡ."

ಅಂದರೆ ನನ್ನ ಮಗುವನ್ನು ತಾನೇ ಕೊಂದೆ ಎಂದು ಈ ಹೆಂಗಸು ಒಂದು ವರ್ಷದಿಂದ ನಂಬಿಕೊಂಡಿದ್ದಾರೆ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಇವರ ಕೈಯಲ್ಲೇ ಬಳೆ ತೊಟ್ಟುಕೊಂಡು, ಈ ಮಗುವನ್ನು ಹೆತ್ತು, ಇವರ ಮಡಿಲಲ್ಲೇ ಹಾಕುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ. ನನ್ನ ಹಟ ಎಂಥದ್ದೆಂದು ತವರಿನವರಿಗೆ ಗೊತ್ತು. ಅತ್ತೆಯ ಹಟ ಅದಕ್ಕಿಂತ ಒಂದು ತೂಕ ಹೆಚ್ಚೆಂದು ನನಗೆ ಆಮೇಲೆ ಗೊತ್ತಾಯಿತು. ಮೂರು ತಿಂಗಳು ಬಳೆಗಳು ಪಂಚೆಯಲ್ಲೇ ಇದ್ದವು.

ಮೇಳಕ್ಕೆ ಹೋಗುವ ಮಾತು ಬಂದಾಗ ಅತ್ತೆ ಕುಣಿದಾಡಿದರು. ದಸರಾ ವಸ್ತುಪ್ರದರ್ಶನವನ್ನು ಒಂದು ವರ್ಷವೂ ತಪ್ಪಿಸಿಕೊಂಡವರಲ್ಲ. ಡಾಕ್ಟರು, ಕಾರು ಆಗಾಗ ನಿಲ್ಲಿಸಿಕೊಂಡು ಹೋಗಿ, ಹೆಚ್ಚು ನಡೆಯಬೇಡಿ ಎಂದು ಒಪ್ಪಿಗೆ ಕೊಟ್ಟರು. ತೊಡಕಾದದ್ದು ಒಂದೇ, ಬಸುರಿ ಹೊಳೆ ದಾಟಬಾರದು. ವಾಷಿಂಗ್ಟನ್ನಿನಿಂದ ಮಾಂಟ್ರಿಯಲ್‌ಗೆ ಹೊಳೆ ದಾಟದೆ ಹೋಗುವುದು ಹೇಗೆ? ಅತ್ತೆ ಯೋಚಿಸಿ, ಸೇತುವೆಯ ಮೇಲೆ ಕಾರಿನಲ್ಲಿ ಹೋದರೆ ಅದು ರಸ್ತೆಯೇ ಹೊರತು ಹೊಳೆಯಲ್ಲ ಎಂದು ತೀರ್ಪು ಕೊಟ್ಟರು. ಮೇಳ ನಡೆಯುವುದು ದೊಡ್ಡ ಹೊಳೆಯ ನಡುವಿನ ದ್ವೀಪಗಳಲ್ಲಿ. ಅಲ್ಲಿಗೆ ರೈಲಿನಲ್ಲಿ ಹೋದೆವು. ರೈಲು ಹೊಳೆಯ ಅಡಿಯಲ್ಲಿ ಹೋಗುತ್ತದೆಂದು ನಾನು ಹೇಳಿರಲಿಲ್ಲ, ಮಗರಾಯರೇ ಉತ್ಸಾಹದಲ್ಲಿ ಬಾಯಿ ಬಿಟ್ಟರು. ಅತ್ತೆ ಒಂದು ಗಳಿಗೆ ಚಾವಣಿ ನೋಡಿದರು.

"ಹೊಳೆ ನಮ್ ತಲೆ ಮೇಲಿದ್ರೆ ನಾವು ದಾಟಿದ ಹಾಗಲ್ಲ ಕಣೋ. ಅದೇ ನಮ್ಮನ್ನ ದಾಟ್ತು" ಎಂದರು. ಯಾವ ವಕೀಲರೂ ಹೀಗೆ ವಾದ ಮಾಡಲಾರರು.

ಅವರ ಕೈಚೀಲದಲ್ಲಿ ಅವಲಕ್ಕಿ, ಕುಂಕುಮದ ಭರಣಿ, ಜೊತೆಗೆ ಆ ಬಳೆಗಳೂ ಇದ್ದವು. ಅಷ್ಟು ದೇಶಗಳ ಜನ ಸೇರುವಾಗ ಒಬ್ಬ ಮುತ್ತೈದೆ ಸಿಗದೆ ಇರುತ್ತಾಳೆಯೇ ಎಂಬುದು ಅವರ ಲೆಕ್ಕ. ನಮ್ಮ ದೇಶದ ಮಂಟಪದಲ್ಲಿ ರೇಷ್ಮೆ ಸೀರೆಯುಟ್ಟ ಹುಡುಗಿಯರನ್ನು ಕಂಡು ಮುಖ ಅರಳಿಸಿಕೊಂಡು ಹೋದರು. ವಿಚಾರಿಸಿದರೆ ಒಬ್ಬರಿಗೂ ಮದುವೆಯಾಗಿರಲಿಲ್ಲ. ವಾಪಸು ಬಂದು ನನ್ನ ಪಕ್ಕ ಕೂತು ಅವಲಕ್ಕಿ ತಿಂದರು.

ಮಧ್ಯಾಹ್ನದ ಹೊತ್ತಿಗೆ ನನ್ನ ಪಾದಗಳು ಚಪ್ಪಲಿಯಿಂದ ಉಕ್ಕುತ್ತಿದ್ದವು. ರೈಲು ನಿಲ್ದಾಣ ದೂರ, ಅಲ್ಲಿ ಮೆಟ್ಟಿಲು ಬೇರೆ. ದೋಣಿಕಟ್ಟೆ ಮಾತ್ರ ಎದುರಿಗೇ ಇತ್ತು. ಯಜಮಾನರು, ನಾನು ರೈಲಿನಲ್ಲಿ ಮುಂದೆ ಹೋಗಿ, ಊರಲ್ಲಿ ಬಿಟ್ಟುಬಂದ ಕಾರನ್ನು ಆಚೆ ದಡದ ಕಟ್ಟೆಯ ಹತ್ತಿರ ತಂದು ನಿಲ್ಲಿಸುತ್ತೇನೆ, ನೀವಿಬ್ಬರೂ ದೋಣಿಯಲ್ಲಿ ಬನ್ನಿ ಎಂದು ಹೇಳಿ, ಅಮ್ಮನಿಗೆ ಮಾತಾಡಲು ಸಮಯ ಕೊಡದೆ ಓಟ ಕಿತ್ತರು.

ಈಗಲೂ ಆ ದೋಣಿಗಳು ಕಣ್ಣ ಮುಂದಿವೆ. ತಗ್ಗು ಚಾವಣಿ, ಎರಡೂ ಬದಿಗೆ ತೆರೆದ ಕಿಟಕಿ, ಸಾಲು ಮರದ ಬೆಂಚು. ಮುಂದೆ ಬಣ್ಣದ ಬಾವುಟಗಳು. ಬಂದು ಕಟ್ಟೆಗೆ ತಾಗಿದಾಗ ದೋಣಿಯ ಮೈಯೆಲ್ಲ ಒಮ್ಮೆ ಕುಲುಕುತ್ತಿತ್ತು, ಹಗ್ಗ ಬಿಗಿದ ಮೇಲೆ ಸುಮ್ಮನಾಗುತ್ತಿತ್ತು. ಡೀಸೆಲ್ ವಾಸನೆಯ ಜೊತೆಗೆ ಯಾರದೋ ಕೈಯ ಹುರಿದ ಆಲೂಗಡ್ಡೆಯ ವಾಸನೆ. ಮೇಳದಲ್ಲಿ ಮಿಕ್ಕೆಲ್ಲ ಕಡೆ ಜನ ತಳ್ಳಾಡುತ್ತಿದ್ದರು, ದೋಣಿಗೆ ಹತ್ತಿದವರು ಮಾತ್ರ ಕೂತು ಉಸ್ಸೆಂದು ಕಾಲು ಚಾಚುತ್ತಿದ್ದರು.

"ಏಳು ತಿಂಗಳ ಬಸುರಿ ದೋಣೀಲಿ ಹೊಳೆ ದಾಟೋದು ಅಂದ್ರೇನೆ?" ಅತ್ತೆ ಕಟ್ಟೆಯ ಮೇಲೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ನಂಗೆ ಇನ್ನೊಂದು ಹೆಜ್ಜೆ ಇಡಕ್ಕಾಗಲ್ಲ ಅತ್ತೆ. ಇದ್ರಲ್ಲೇ ಹೋಗೋದು."

ನನ್ನ ಪಾದಗಳನ್ನು ನೋಡಿದರು, ಹೊಳೆಯನ್ನು ನೋಡಿದರು. ಕೊನೆಗೆ ಒಂದು ದಾರಿ ಕಂಡುಕೊಂಡರು. ಮುತ್ತೈದೆಯೊಬ್ಬಳಿಂದ ಹಸಿರು ಬಳೆ ತೊಟ್ಟು, ಕುಂಕುಮ ಇಟ್ಟುಕೊಂಡು ಹೋದರೆ ಹೊಳೆಯಮ್ಮ ಏನೂ ಮಾಡುವುದಿಲ್ಲ. ಈ ದೇಶಗಳಲ್ಲಿ ಮದುವೆಯಾದವರಿಗೆ ತಾಳಿಯ ಬದಲು ಉಂಗುರ ಎಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಸರಿ, ಸಾಲಿನಲ್ಲಿ ನಿಂತಿದ್ದ ಹೆಂಗಸರ ಎಡಗೈ ಬೆರಳುಗಳನ್ನು ತರಕಾರಿ ಆರಿಸಿದ ಹಾಗೆ ನೋಡುತ್ತ ಹೊರಟರು. ನೀಲಿ ಫ್ರಾಕು ತೊಟ್ಟ, ತಮ್ಮಷ್ಟೇ ವಯಸ್ಸಿನ ಒಬ್ಬ ಅಜ್ಜಿಯ ಬೆರಳಿನಲ್ಲಿ ಅಗಲವಾದ ಚಿನ್ನದ ಉಂಗುರ ಕಂಡಿತು. ಅತ್ತೆ ಆಕೆಯ ಮುಂದೆ ನಿಂತು ಕೈ ಮುಗಿದರು.

ಆಕೆ ಆ ಊರಿನವರೇ. ಫ್ರೆಂಚ್ ಮಾತಾಡುವವರು, ನಮ್ಮ ಕೆಲಸಕ್ಕಾಗುವಷ್ಟು ಇಂಗ್ಲಿಷೂ ಬರುತ್ತಿತ್ತು. ನಮ್ಮಲ್ಲಿ ಹೆರಿಗೆಗೆ ಮೊದಲು ಹಿರಿಯ ಹೆಂಗಸರು ಬಳೆ ತೊಡಿಸುತ್ತಾರೆ, ನೀವು ತೊಡಿಸುತ್ತೀರಾ ಎಂದು ಕೇಳಿದೆ. ಮುತ್ತೈದೆ ಎಂದರೇನೆಂದು ವಿವರಿಸುವ ವ್ಯವಧಾನ ನನಗಿರಲಿಲ್ಲ. ಆಕೆ ನನ್ನ ಹೊಟ್ಟೆ ನೋಡಿ ನಕ್ಕು, ದೋಣಿಯಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತರು. ನನಗೆ ಸೋತ ಹಾಗಾಯಿತು. ಅತ್ತೆ ಗೆದ್ದರು, ಅವರ ಕೈ ಹಿಂದೆಯೇ ಉಳಿಯಿತು ಎಂದು ಮನಸ್ಸು ಕಹಿಯಾಯಿತು.

ದೋಣಿ ಹೊರಟಿತು. ಆಕೆಗೆ ಗಾಜಿನ ಬಳೆ ತೊಡಿಸಿ ಅಭ್ಯಾಸವಿಲ್ಲ. ಊದಿದ ನನ್ನ ಕೈ ಹಿಡಿದು, ನೋವಾಗುತ್ತದೇನೋ ಎಂದು ಮೆಲ್ಲಗೆ ತಳ್ಳುತ್ತಿದ್ದರು. ಅತ್ತೆ ಎದುರಿನ ಬೆಂಚಿನಲ್ಲಿ ಕೂತು, "ಹೆಬ್ಬೆರಳ ಬುಡ ಒತ್ತಿ ಹಿಡೀಬೇಕು ಅನ್ನು. ಹಾಗಲ್ಲ, ಒಳಗಡೆ ಒತ್ತಬೇಕು ಅನ್ನು" ಎಂದು ತಮ್ಮ ಕೈಯಲ್ಲೇ ಅಭಿನಯಿಸಿ ತೋರಿಸುತ್ತಿದ್ದರು. ಅಂತೂ ಬಲಗೈ ತುಂಬಿತು. ಆಕೆ ಹಣೆಯ ಬೆವರು ಒರೆಸಿಕೊಂಡು, ನೀರಿನ ಕಡೆ ಕೈ ತೋರಿಸಿ ಏನೋ ಹೇಳತೊಡಗಿದರು. ಅವರ ಗಂಡ ಇದೇ ಹೊಳೆಯ ಬಂದರಿನಲ್ಲಿ ದುಡಿಯುತ್ತಿದ್ದರಂತೆ. ಅವರು ತೀರಿಕೊಂಡು ಬಹಳ ವರ್ಷವಾಯಿತಂತೆ. ಇದ್ದಿದ್ದರೆ ಈ ದೋಣಿಗಳನ್ನು ನೋಡಿ ಎಷ್ಟು ಖುಷಿಪಡುತ್ತಿದ್ದರೋ ಎಂದು ಉಂಗುರವನ್ನು ತಿರುವಿಕೊಂಡರು. ಇಲ್ಲಿಯವರು ಗಂಡ ಹೋದ ಮೇಲೂ ಉಂಗುರ ತೆಗೆಯುವುದಿಲ್ಲ ಎಂಬುದು ನನಗೂ ಹೊಳೆದಿರಲಿಲ್ಲ.

"ಏನಂತೆ?" ಅತ್ತೆ ಕೇಳಿದರು.

ಹೊಳೆ ಚೆನ್ನಾಗಿದೆ ಅಂತಾರೆ ಎಂದುಬಿಡಬಹುದಿತ್ತು. ಎಡಗೈಗೂ ಆಕೆಯೇ ತೊಡಿಸಿ, ಅತ್ತೆ ನೆಮ್ಮದಿಯಾಗಿ ಮನೆ ಸೇರುತ್ತಿದ್ದರು. ಆದರೂ ಹೇಳಿದೆ.

"ಅವ್ರ ಯಜಮಾನ್ರು ಹೋಗಿ ಬಹಳ ವರ್ಷ ಆಯ್ತಂತೆ ಅತ್ತೆ. ಅವ್ರೂ ನಿಮ್ ಹಾಗೇನೇ."

ಅತ್ತೆ ಮುಂದಕ್ಕೆ ಬಾಗಿದರು. ನನ್ನ ಬಲಗೈಯ ಬಳೆಗಳನ್ನೇ ನೋಡಿದರು. ತೊಟ್ಟ ಹಸಿರು ಬಳೆಯನ್ನು ಬಸುರಿಯ ಕೈಯಿಂದ ತೆಗೆಸುವ ಹಾಗಿಲ್ಲ, ಒಡೆಯುವ ಮಾತಂತೂ ಆಡುವ ಹಾಗೇ ಇಲ್ಲ. ಒಂದು ಕೈ ತುಂಬಿ ಇನ್ನೊಂದು ಕೈ ಬರಿದಾಗಿ ಬಿಡುವುದು ಎಲ್ಲಕ್ಕಿಂತ ಕೇಡು. ಸುತ್ತ ನೀರು, ದೋಣಿ ಹೊಳೆಯ ನಟ್ಟನಡುವೆ. ಯಾವ ಶಾಸ್ತ್ರ ಅವರನ್ನು ಇಷ್ಟು ವರ್ಷ ಹಿತ್ತಲಿಗೆ ಅಟ್ಟಿತ್ತೋ ಅದೇ ಈಗ ಅವರನ್ನು ಹಿಡಿದು ಎದುರಿಗೆ ತಂದು ನಿಲ್ಲಿಸಿತ್ತು.

ಏನಾಯಿತೆಂದು ಆಕೆ ಕೇಳಿದರು. ನಮ್ಮ ಅತ್ತೆಗೂ ಗಂಡ ಇಲ್ಲ, ತಮ್ಮ ಕೈ ಸೋಕಿದರೆ ಮಗುವಿಗೆ ಕೆಡುಕು ಎಂದು ಹೆದರುತ್ತಾರೆ ಎಂದೆ. ಆಕೆ ಉಪದೇಶ ಮಾಡಲಿಲ್ಲ. ಉಳಿದ ಬಳೆಗಳನ್ನು ಎತ್ತಿ, ನನ್ನ ಪಾಲಿನದು ಮುಗಿಯಿತು ಎನ್ನುವ ಹಾಗೆ ಅತ್ತೆಯ ಮಡಿಲಿನಲ್ಲಿಟ್ಟು ಸರಿದು ಜಾಗ ಬಿಟ್ಟರು.

ನಾನು ಎಡಗೈ ಚಾಚಿದೆ.

"ಬೇಡ ಕಣೆ. ನಂಗೆ ಭಯ ಆಗತ್ತೆ. ಮತ್ತೆ ಹಾಗೇನಾದ್ರೂ ಆದ್ರೆ?"

"ನಂಗೂ ಭಯಾನೇ ಅತ್ತೆ. ಆದ್ರೆ ನಾನು ಕೈ ಹಿಂದಕ್ಕೆ ತಗೊಳಲ್ಲ. ದಡ ಬಂದ್ರೂ ಇಳಿಯಲ್ಲ."

ತೋಳು ನೋಯತೊಡಗಿತು. ಚಾಚಿಯೇ ಇದ್ದೆ. ಆಚೆ ದಡದ ಜನ ಬಿಡಿಬಿಡಿಯಾಗಿ ಕಾಣಿಸಲು ಶುರುವಾದಾಗ ಅತ್ತೆ ಎದ್ದು ಬಂದು ಪಕ್ಕದಲ್ಲಿ ಕೂತರು. ನನ್ನ ಕೈ ಹಿಡಿದು, ಹೆಬ್ಬೆರಳ ಬುಡವನ್ನು ಒಳಕ್ಕೊತ್ತಿ ಒಂದು ಬಳೆ ಏರಿಸಿದರು. ನೋವೇ ಆಗಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಭರಣಿ ತೆಗೆದು ನನ್ನ ಹಣೆಗೆ ಕುಂಕುಮವಿಟ್ಟರು, ಒಂದು ಚಿಟಿಕೆ ಹೊಳೆಗೆ ಹಾಕಿದರು. ನಮ್ಮ ಯಜಮಾನರು ದಡದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದರು. ನಾವು ಮೂವರೂ ಅತ್ತು ಕೆಂಪಾದ ಮುಖ ಹೊತ್ತು ಇಳಿದದ್ದು ನೋಡಿ ಗಾಬರಿಯಾಗಿ ಫೋಟೊ ತೆಗೆಯುವುದನ್ನೇ ಮರೆತರು.

ಅಲ್ಲಿಂದ ಮುಂದಿನ ದಿನಗಳು ಹೂವಿನ ಹಾಸಿಗೆಯಾಗಿರಲಿಲ್ಲ. ಹೊಟ್ಟೆಯಲ್ಲಿ ಮಗು ಒಂದು ಗಳಿಗೆ ಸುಮ್ಮನಿದ್ದರೆ ಅತ್ತೆ ಊಟ ಬಿಡುತ್ತಿದ್ದರು. ನಾನು ಧೈರ್ಯದ ಮುಖ ಹಾಕಿಕೊಂಡು ಬಚ್ಚಲಿಗೆ ಹೋಗಿ ಹೆದರುತ್ತಿದ್ದೆ. ಏನಾದರೂ ಹೆಚ್ಚುಕಡಿಮೆಯಾದರೆ ನಾನು ಮಗುವನ್ನಷ್ಟೇ ಅಲ್ಲ, ಈ ತಾಯಿಯನ್ನೂ ಕಳೆದುಕೊಳ್ಳುತ್ತೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೈ ಚಾಚಿದ್ದೆ.

ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯ ಆ ತುದಿಗೂ ಕೇಳುವ ಹಾಗೆ ಅತ್ತಳು. ಅವಳನ್ನು ಎತ್ತಿಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಬಂದೆವು. ಬಾಣಂತಿ ಮೊದಲ ಸಲ ಕೂಸಿನೊಂದಿಗೆ ಮನೆಗೆ ಬಂದಾಗ ಬಾಗಿಲಲ್ಲಿ ಮುತ್ತೈದೆಯರು ಕೆಂಪು ನೀರಿನ ಆರತಿ ಎತ್ತಿ ಒಳಗೆ ಕರೆಯಬೇಕು. ಯಜಮಾನರಿಗೆ ಅದು ಅಲ್ಲಿ ನೆನಪಾಗಿ, ಮುಚ್ಚಿದ ಬಾಗಿಲ ಮುಂದೆ ನಿಂತುಬಿಟ್ಟರು.

"ಅಮ್ಮಾ, ಈಗ ಆರತಿ ಎತ್ತಕ್ಕೆ ಯಾರನ್ನ ಕರೀಲಿ?" ಎಂದು ಕೂಗಿದರು.

ಬಾಗಿಲು ತೆರೆಯಿತು. ತಟ್ಟೆಯ ಕೆಂಪು ನೀರಿನ ಮಧ್ಯೆ ಬತ್ತಿ ಉರಿಯುತ್ತಿತ್ತು. ಅತ್ತೆ ಹೊಸಿಲ ಒಳಗೆ ನಮಗೆ ನೇರ ಎದುರಾಗಿ ನಿಂತಿದ್ದರು.

"ಯಾಕೋ, ನಂಗೇನ್ ಕೈ ಇಲ್ವೇನೋ?" ಎಂದರು.